ಮಂಡ್ಯದ ತೋಟಕ್ಕೆ ಹಿಮ ಹೊಡೆಯುತ್ತಾ? ಬಿಡದ ಮಾಗಿ ಚಳಿಯ ಬಗ್ಗೆ ಒಬ್ಬ ರೈತರ ಪ್ರಶ್ನೆ

ಪ್ರಶ್ನೆ: ಸರ್, ನಮ್ಮದು ಪಾಂಡವಪುರ ತಾಲ್ಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಡಿಸೆಂಬರ್ ಕೊನೆಯಲ್ಲಿ ಹಿಡಿದ ಚಳಿ ಸಂಕ್ರಾಂತಿ ಕಳೆದರೂ ಬಿಟ್ಟಿಲ್ಲ. ಮೊಬೈಲಿನಲ್ಲಿ ಬೆಳಗ್ಗೆ 11 ಡಿಗ್ರಿ ಅಂತ ಇರುತ್ತೆ, ಅದರ ಕೆಳಗೆ ಮೈಗೆ ಅನ್ನಿಸುವುದು 8 ಅಂತ ಬರುತ್ತೆ. ಮುಕ್ಕಾಲು ಎಕರೆ ಟೊಮ್ಯಾಟೊ ಹಾಕಿದ್ದೇನೆ. ಎಲೆ ಅಂಚು ಕಪ್ಪಾಗಿ ಸುಟ್ಟ ಹಾಗೆ ಆಗ್ತಿದೆ. ಔಷಧಿ ಅಂಗಡಿಯವರು ‘ಹಿಮ ಹೊಡೆದಿದೆ’ ಅಂತ ಒಂದು ಟಾನಿಕ್ ಕೊಟ್ಟರು. ವಾಟ್ಸಾಪಿನಲ್ಲಿ ಒಂದು ಹಿಂದಿ ವಿಡಿಯೊ ಬಂದಿದೆ. ಸಂಜೆ ನೀರು ಹಾಯಿಸಿ, ರಾತ್ರಿ ಬದುವಿನ ಮೇಲೆ ಹೊಗೆ ಹಾಕಿ ಅಂತ ಹೇಳ್ತಾರೆ. ಮಗಳು ಡಲ್ಲಾಸ್‌ನಲ್ಲಿದ್ದಾಳೆ, ಅಲ್ಲಿ ಒಂದು ಸಲ ನೀರು ಗಟ್ಟಿಯಾಗಿ ಮನೆ ಪೈಪುಗಳೇ ಒಡೆದವಂತೆ. ನಮ್ಮ ಡ್ರಿಪ್ ಪೈಪಿಗೂ ಹಾಗಾಗುತ್ತಾ? ರೇಷ್ಮೆ ಹುಳು ಮನೇಲಿ ಮೂರನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಹುಳು ಸರಿಯಾಗಿ ಸೊಪ್ಪು ತಿಂತಿಲ್ಲ. ಬೇಸಿಗೆ ಭತ್ತಕ್ಕೆ ಒಟ್ಲು (ಸಸಿ ಮಡಿ) ಬಿಡಬೇಕು, ಈಗ ಬಿಡಬಹುದಾ? ಈ ಚಳಿ ಇನ್ನೆಷ್ಟು ದಿನ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ತೋಟಕ್ಕೆ ಹಿಮ ಹೊಡೆದಿಲ್ಲ. ಡ್ರಿಪ್ ಪೈಪ್ ಒಡೆಯುವುದಿಲ್ಲ. ವಿಡಿಯೊ ನೋಡಿ ಟೊಮ್ಯಾಟೊಗೆ ಸಂಜೆ ನೀರು ಹಾಯಿಸಲು ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ನೀವು ಹೇಳಿದ ಲಕ್ಷಣ ಕೇಳಿದರೆ ನನಗೆ ಅಂಗಮಾರಿ ಅನ್ನುವ ಎಲೆ ಸುಡುವ ರೋಗದ ಅನುಮಾನ. ಅದಕ್ಕೂ ಈ ಚಳಿಗೂ ಸಂಬಂಧ ಇದೆ, ಆದರೆ ಅಂಗಡಿಯವರು ಹೇಳಿದ ಸಂಬಂಧ ಅಲ್ಲ. ನಮ್ಮ ಕಡೆ ಬೆಳೆ ಹಾಳು ಮಾಡುವುದು ಹಿಮವಲ್ಲ, ಇಬ್ಬನಿ. ರಾತ್ರಿ ಎಷ್ಟು ಡಿಗ್ರಿಗೆ ಇಳಿಯಿತು ಅನ್ನುವುದಕ್ಕಿಂತ ಎಲೆ ಎಷ್ಟು ಹೊತ್ತು ಒದ್ದೆ ಇತ್ತು, ಹೀಗೆ ಎಷ್ಟು ರಾತ್ರಿ ಸಾಲಾಗಿ ಬಂತು ಅನ್ನುವುದನ್ನು ಲೆಕ್ಕ ಹಾಕಬೇಕು.

ಹಿಮದ ಮಾತು ಮೊದಲು ಮುಗಿಸೋಣ. ನೀರು ಗಟ್ಟಿಯಾಗಲು ಸೊನ್ನೆ ಡಿಗ್ರಿ ಬೇಕು. ಮೈಸೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.7 ಡಿಗ್ರಿ, ಅದು 2012ರ ಜನವರಿಯಲ್ಲಿ. ಬೆಂಗಳೂರಿನದು 7.8, ಅದು 1884ರ ಜನವರಿ 13ರ ಮಾತು. ಅಂದರೆ ನಮ್ಮ ಸೀಮೆಯ ದಾಖಲೆ ಚಳಿಗೂ ಸೊನ್ನೆಗೂ ನಡುವೆ ಇನ್ನೂ ಏಳೂವರೆ ಡಿಗ್ರಿ ದೂರ ಇದೆ. ಒಂದು ಮಾತು ನಿಜ. ಹವಾಮಾನ ಇಲಾಖೆಯ ಅಳತೆ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಪೆಟ್ಟಿಗೆಯೊಳಗೆ ಇಟ್ಟ ಥರ್ಮಾಮೀಟರಿನದು. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ಹುಲ್ಲಿನ ಮಟ್ಟದಲ್ಲಿ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ಇರುತ್ತದೆ. ಹಿಂದೆ ಅಲಹಾಬಾದ್ ಕಡೆ ಗುಂಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆ ಇಟ್ಟು, ತೆಳ್ಳಗೆ ನೀರು ಹಾಕಿ ಬೆಳಗಾಗುವಷ್ಟರಲ್ಲಿ ಮಂಜುಗಡ್ಡೆ ತೆಗೆಯುತ್ತಿದ್ದರು. ಸುತ್ತಲಿನ ಗಾಳಿ ಸೊನ್ನೆಗೆ ಇಳಿಯದಿದ್ದರೂ ತಟ್ಟೆಯ ನೀರು ಗಟ್ಟಿಯಾಗುತ್ತಿತ್ತು. 1775ರಲ್ಲೇ ರಾಬರ್ಟ್ ಬಾರ್ಕರ್ ಅನ್ನುವ ಇಂಗ್ಲಿಷ್ ಅಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ಆದರೆ ಅದಕ್ಕೂ ಗಾಳಿ ಸೊನ್ನೆಯ ಹತ್ತಿರ ಬರಲೇಬೇಕು. ನಿಮ್ಮ 11 ಡಿಗ್ರಿಯಲ್ಲಿ ಎಷ್ಟು ಕಳೆದರೂ ಲೆಕ್ಕ ಕೂಡುವುದಿಲ್ಲ.

ನಮ್ಮಲ್ಲಿ ಯಾಕೆ ಇಳಿಯಲ್ಲ? ಸೂರ್ಯ ಒಂದು ಕಾರಣ. ಡಿಸೆಂಬರ್ 21-22ರ ಹೊತ್ತಿಗೂ ಮಧ್ಯಾಹ್ನ ಮಂಡ್ಯದಲ್ಲಿ ಸೂರ್ಯ ದಿಗಂತದಿಂದ 54 ಡಿಗ್ರಿ ಮೇಲಿರುತ್ತಾನೆ, ದೆಹಲಿಯಲ್ಲಿ 38 ಡಿಗ್ರಿಯಷ್ಟೇ. ಹಾಗಾಗಿ ಬೆಳಗ್ಗೆ ಹಲ್ಲು ಕಟಕಟ ಅಂದರೂ ಮಧ್ಯಾಹ್ನ 27-28 ಡಿಗ್ರಿ ಬಿಸಿಲು ಬಂದು ಮಣ್ಣು ಕಾಯುತ್ತದೆ. ರಾತ್ರಿಯೂ ನಮ್ಮಲ್ಲಿ ಅಷ್ಟು ಉದ್ದ ಅಲ್ಲ, ಸುಮಾರು ಹನ್ನೆರಡೂವರೆ ಗಂಟೆ. ದೆಹಲಿಯಲ್ಲಿ ಹದಿಮೂರೂವರೆ ದಾಟುತ್ತದೆ. ಹಗಲು ಕೂಡಿಟ್ಟ ಶಾಖವನ್ನು ಪೂರ್ತಿ ಕಳೆದುಕೊಳ್ಳುವ ಮೊದಲೇ ನಮ್ಮ ನೆಲಕ್ಕೆ ಬೆಳಗಾಗಿಬಿಡುತ್ತದೆ.

ಎರಡನೇ ಕಾರಣ ಇಬ್ಬನಿ. ಗಾಳಿ ತಣ್ಣಗಾಗುತ್ತಾ ಹೋಗಿ, ಅದರಲ್ಲಿರುವ ನೀರಾವಿ ಎಲೆಯ ಮೇಲೆ ಹನಿಯಾಗುವಾಗ ಶಾಖ ಬಿಟ್ಟುಕೊಡುತ್ತದೆ. ಒಂದು ಗ್ರಾಂ ಇಬ್ಬನಿಗೆ ಸುಮಾರು 590 ಕ್ಯಾಲೊರಿ. ಆಮೇಲೆ ಉಷ್ಣಾಂಶ ಇಳಿಯುವುದು ನಿಧಾನವಾಗುತ್ತದೆ. ನಾಲೆ ಬಯಲಿನಲ್ಲಿ ಗದ್ದೆ, ಕಬ್ಬು, ಕೆರೆ ಎಲ್ಲ ಇರುವುದರಿಂದ ಗಾಳಿಯಲ್ಲಿ ತೇವ ಜಾಸ್ತಿ, ಇಬ್ಬನಿ ಬೇಗ ಕೂರುತ್ತದೆ. ನಾಗಮಂಗಲದ ಒಣ ಬಯಲಿನಲ್ಲಿ ಚಳಿ ನಿಮಗಿಂತ ಜಾಸ್ತಿ ಕೊರೆಯುವುದಕ್ಕೆ ಇದೂ ಒಂದು ಕಾರಣ. ಈಗ ತಮಾಷೆ ನೋಡಿ. ನಿಮ್ಮ ತೋಟವನ್ನು ಹಿಮದಿಂದ ಕಾಪಾಡುತ್ತಿರುವ ಇಬ್ಬನಿಯೇ ರೋಗವನ್ನೂ ತರುತ್ತಿದೆ.

ಹಿಮ ನೋಡಲೇಬೇಕು ಅಂದರೆ ಊಟಿಗೆ ಹೋಗಿ. ಮೈಸೂರಿನಿಂದ 125 ಕಿಲೋಮೀಟರ್ ದೂರ ಅಷ್ಟೇ, ಆದರೆ ಎತ್ತರ ಸುಮಾರು 2,240 ಮೀಟರ್. ಮೈಸೂರು 770ರ ಆಸುಪಾಸು. ಒಂದು ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆ. ಹಾಗಾಗಿ ಎತ್ತರದಿಂದಲೇ ಒಂಬತ್ತೂವರೆ ಡಿಗ್ರಿ ಹೋಯಿತು. ಮಿಕ್ಕಿದ್ದು ಅಲ್ಲಿನ ತಗ್ಗುಗಳ ಕೆಲಸ. ತಣ್ಣನೆ ಗಾಳಿ ಭಾರ. ರಾತ್ರಿ ಅದು ನೀರಿನ ಹಾಗೆ ಇಳಿಜಾರು ಹಿಡಿದು ತಗ್ಗಿಗೆ ಬಂದು ನಿಲ್ಲುತ್ತದೆ. ಜನವರಿ ಬೆಳಗ್ಗೆ ಊಟಿಯ ತಗ್ಗಿನ ಹುಲ್ಲುಗಾವಲು ಬೆಳ್ಳಗಾಗುವುದು ಇದರಿಂದ. ಈ ತಗ್ಗಿನ ಮಾತು ನಿಮಗೂ ಅನ್ವಯಿಸುತ್ತದೆ. ನಿಮ್ಮ ಜಮೀನಿನಲ್ಲೇ ಮೇಲಿನ ತಾಕಿಗೂ ಕೆಳಗಿನ ಗದ್ದೆಗೂ ಒಂದೆರಡು ಡಿಗ್ರಿ ವ್ಯತ್ಯಾಸ ಇರುತ್ತದೆ, ಇಬ್ಬನಿ ಕೆಳಗಿನ ತಾಕಿನಲ್ಲಿ ತಡವಾಗಿ ಒಣಗುತ್ತದೆ. ರೋಗ ಮೊದಲು ಕಾಣುವುದೂ ಅಲ್ಲೇ.

ಸರ್ಕಾರಿ ಲೆಕ್ಕದ ‘ಶೀತಗಾಳಿ’ಗೂ ಒಂದು ಅಳತೆ ಇದೆ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಜೊತೆಗೆ ಆ ದಿನಕ್ಕೆ ವಾಡಿಕೆಯಾದ ಉಷ್ಣಾಂಶಕ್ಕಿಂತ ಕನಿಷ್ಠ ನಾಲ್ಕೂವರೆ ಡಿಗ್ರಿ ಇಳಿದಿರಬೇಕು. ಇಲ್ಲವೇ 4 ಡಿಗ್ರಿಗೆ ಮುಟ್ಟಿರಬೇಕು. ಬೀದರ್, ಕಲಬುರಗಿ, ವಿಜಯಪುರದವರಿಗೆ ಈ ಎಚ್ಚರಿಕೆ ಆಗಾಗ ಬರುತ್ತದೆ. ನಮಗೆ ಅಪರೂಪ. ಹಾಗಂತ ನಿಮ್ಮದು ಸುಳ್ಳು ಚಳಿ ಅಂತಲ್ಲ. ಒಂದೇ ರಾತ್ರಿ 8ಕ್ಕೆ ಇಳಿದು ಮಾರನೇ ದಿನ 15ಕ್ಕೆ ಏರುವ ಚಳಿಗಿಂತ, ಮೂರು ವಾರ ಬಿಡದೆ 11-12ರಲ್ಲಿ ಕೂತ ಚಳಿ ಬೆಳೆಗೆ ಜಾಸ್ತಿ ತೊಂದರೆ ಕೊಡುತ್ತದೆ.

ಮೊಬೈಲಿನ ‘ಮೈಗೆ ಅನ್ನಿಸುವುದು 8’ ಅನ್ನುವುದನ್ನು ಗಿಡದ ವಿಷಯದಲ್ಲಿ ಮರೆತುಬಿಡಿ. ಅದು ಮನುಷ್ಯನ ಚರ್ಮದ ಲೆಕ್ಕ. ಗಾಳಿ ಬೀಸಿದರೆ ನಮ್ಮ ಮೈ ಶಾಖ ಬೇಗ ಹೋಗುತ್ತದೆ, ಅದಕ್ಕೆ ಜಾಸ್ತಿ ಚಳಿ ಅನ್ನಿಸುತ್ತದೆ. ಪೈಪಿಗೆ, ಬಕೆಟ್ ನೀರಿಗೆ, ಟೊಮ್ಯಾಟೊ ಕಾಯಿಗೆ ಮೈ ಶಾಖ ಇಲ್ಲ. ಎಷ್ಟು ಗಾಳಿ ಬೀಸಿದರೂ ಅದು ಅವನ್ನು ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು, ಒದ್ದೆಯಾಗಿದ್ದರೆ ಮಾತ್ರ ನೀರು ಆರುವಾಗ ಸ್ವಲ್ಪ ತಣಿಯುತ್ತವೆ. ಇನ್ನೊಂದು ವಿಷಯ, ಮೊಬೈಲಿನ ಆ್ಯಪ್ ತೋರಿಸುವುದು ನಿಮ್ಮೂರಿನ ಥರ್ಮಾಮೀಟರ್ ಅಲ್ಲ, ಸುತ್ತಲ ಪ್ರದೇಶಕ್ಕೆ ಕಂಪ್ಯೂಟರ್ ಹಾಕಿದ ಅಂದಾಜು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟಿದೆ, ಅದರ ‘ವರುಣ ಮಿತ್ರ’ ಸಹಾಯವಾಣಿಯಲ್ಲಿ ಕೇಳಿದರೆ ನಿಮ್ಮ ಹೋಬಳಿಯ ಲೆಕ್ಕ ಸಿಗುತ್ತದೆ. ನಾನಾದರೆ ಆ್ಯಪ್ ಬಿಟ್ಟು ಅದನ್ನು ನಂಬುತ್ತೇನೆ. ಸ್ವಂತ ಥರ್ಮಾಮೀಟರ್ ಕೊಂಡರೆ ಮನೆ ಗೋಡೆಗೆ ಹೊಡೆಯಬೇಡಿ. ಗೋಡೆ ರಾತ್ರಿಯೆಲ್ಲ ಶಾಖ ಬಿಡುತ್ತಿರುತ್ತದೆ, ಹಾಗಾಗಿ ಜಾಸ್ತಿ ತೋರಿಸುತ್ತದೆ. ತೋಟದಲ್ಲಿ ಒಂದು ಗೂಟಕ್ಕೆ, ನೆರಳು ಮಾಡಿ ಕಟ್ಟಿ. ಅದನ್ನು ನೋಡಬೇಕಾದ ಹೊತ್ತು ಬೆಳಗಿನ ಜಾವ ನಾಲ್ಕಲ್ಲ. ಸೂರ್ಯ ಹುಟ್ಟುವ ಹೊತ್ತು, ಈಗ ಆರೂ ಮುಕ್ಕಾಲು, ಅದರ ಆಚೀಚೆಯೇ ಅತಿ ಚಳಿ.

ನಿಮ್ಮ ಮಗಳು ಹೇಳಿದ್ದು ನಿಜ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ದೊಡ್ಡ ಚಳಿ ಬಿತ್ತು. ಡಲ್ಲಾಸ್‌ನಲ್ಲಿ ಸೊನ್ನೆಗಿಂತ 19 ಡಿಗ್ರಿ ಕೆಳಗೆ ಹೋಯಿತು. ಕರೆಂಟ್ ಹೋಗಿ ಮನೆಗಳು ಒಳಗೂ ತಣ್ಣಗಾದವು. ನೀರು ಗಟ್ಟಿಯಾದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಎರಡೂ ಕಡೆ ಮುಚ್ಚಿದ ಪೈಪಿನಲ್ಲಿ ಆ ಒತ್ತಡಕ್ಕೆ ಜಾಗ ಇರುವುದಿಲ್ಲ, ಒಡೆಯುತ್ತದೆ. ಅದಕ್ಕೆ ಸೊನ್ನೆಗಿಂತ ಸಾಕಷ್ಟು ಕೆಳಗೆ, ಗಂಟೆಗಟ್ಟಲೆ ಇರಬೇಕು. ನಿಮ್ಮ ಡ್ರಿಪ್‌ನ ಲ್ಯಾಟರಲ್ (ಸಾಲಿನ ಸಣ್ಣ) ಪೈಪ್ ಒಡೆದರೆ ಅಳಿಲು ಕಡಿದಿರುತ್ತೆ, ಅಷ್ಟೇ.

ಈಗ ಆ ವಿಡಿಯೊ. ಅದರಲ್ಲಿ ಹೇಳಿದ್ದು ತಪ್ಪಲ್ಲ, ಊರು ತಪ್ಪು. ಪಂಜಾಬ್, ಹರಿಯಾಣ, ರಾಜಸ್ಥಾನದಲ್ಲಿ ರಾತ್ರಿ ಉಷ್ಣಾಂಶ ನಿಜವಾಗಿ ಸೊನ್ನೆಗೆ ಬರುತ್ತದೆ. ಆಲೂಗಡ್ಡೆ, ಸಾಸಿವೆಯ ಎಲೆಯೊಳಗಿನ ನೀರೇ ಗಟ್ಟಿಯಾಗಿ ಜೀವಕೋಶ ಹರಿಯುತ್ತದೆ. ಅಲ್ಲಿ ಸಂಜೆ ತೆಳ್ಳಗೆ ನೀರು ಕೊಟ್ಟರೆ ಒದ್ದೆ ಮಣ್ಣು ಒಣ ಮಣ್ಣಿಗಿಂತ ಜಾಸ್ತಿ ಶಾಖ ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಒಂದೆರಡು ಡಿಗ್ರಿ ಉಳಿದರೂ ಬೆಳೆ ಉಳಿಯುತ್ತದೆ. ರೋಗ ಬಂದರೆ ಆಮೇಲೆ ನೋಡಿಕೊಳ್ಳೋಣ ಅನ್ನುವ ಲೆಕ್ಕ ಅದು. ನಿಮಗೆ ಆ ಒಂದೆರಡು ಡಿಗ್ರಿ ಬೇಕಿಲ್ಲ. ಸಂಜೆ ನೀರು ಕೊಟ್ಟರೆ ನಿಮಗೆ ಸಿಗುವುದು ರಾತ್ರಿಯೆಲ್ಲ ತೇವ, ಬೆಳಗ್ಗೆ ಒಂಬತ್ತೂವರೆವರೆಗೂ ಒಣಗದ ಎಲೆ.

ಹೊಗೆಯ ವಿಷಯ ಅಲ್ಲಿಗೂ ಅರ್ಧ ಮಾತ್ರ ಸರಿ. ಬೆಂಕಿಯ ಶಾಖದಿಂದ ಸ್ವಲ್ಪ ಉಪಯೋಗ ಇದೆ. ಹೊಗೆ ಮಾತ್ರ ನೆಲದಿಂದ ಮೇಲಕ್ಕೆ ಹೋಗುವ ಶಾಖವನ್ನು ತಡೆಯುವುದಿಲ್ಲ. ಅದರ ಕಣಗಳು ಆ ಕೆಲಸಕ್ಕೆ ತೀರಾ ಸಣ್ಣವು. ಬೆಳಗ್ಗೆ ಹೊಗೆ ಕೆಳಗೇ ನಿಂತು ಬಿಸಿಲು ತಡವಾಗಿ ತಾಕುವುದೇ ಜಾಸ್ತಿ. ಕಬ್ಬಿನ ತರಗು ಸುಡುವ ಬದಲು ಕೂಳೆ (ಕಡಿದ ಬುಡದಿಂದ ಚಿಗುರುವ ಕಬ್ಬು) ಸಾಲಿನ ನಡುವೆ ಹರಡಿ, ಮುಂದಿನ ಬೇಸಿಗೆಗೆ ಎರಡು ನೀರು ಉಳಿಯುತ್ತದೆ.

ಟೊಮ್ಯಾಟೊಗೆ ಬರೋಣ. ನೀವು ಫೋಟೊ ಕಳಿಸಿಲ್ಲ, ಹಾಗಾಗಿ ಏನು ನೋಡಬೇಕು ಅಂತ ಹೇಳುತ್ತೇನೆ, ನೀವೇ ನಿರ್ಧಾರ ಮಾಡಿ. ಬೆಳಗ್ಗೆ ಏಳರ ಹೊತ್ತಿಗೆ, ಇಬ್ಬನಿ ಇನ್ನೂ ಇರುವಾಗ ಹೋಗಿ. ಕೆಳಗಿನ ತಾಕಿನಲ್ಲಿ, ಗಿಡ ಒತ್ತಾಗಿರುವ ಕಡೆ, ಕಪ್ಪಾದ ಎಲೆ ಹುಡುಕಿ. ಮೇಲಿಂದ ನೋಡಬೇಡಿ, ಎಲೆ ತಿರುಗಿಸಿ. ಕಪ್ಪು ಭಾಗ ಮುಗಿದು ಹಸಿರು ಶುರುವಾಗುವ ಗಡಿಯಲ್ಲಿ, ಎಲೆಯ ಅಡಿಯಲ್ಲಿ, ತೆಳ್ಳಗೆ ಬಿಳಿ ಬೂಷ್ಟಿನ ಗೆರೆ ಕಾಣುತ್ತದಾ? ಆ ಗಡಿ ಬಿಸಿನೀರು ಬಿದ್ದ ಹಾಗೆ ನೀರು ನೀರಾಗಿ, ಮಬ್ಬು ಹಸಿರಾಗಿ ಇದೆಯಾ? ಕಾಂಡದ ಮೇಲೆ ಕಂದು ಪಟ್ಟೆ, ಕಾಯಿಯ ಭುಜದ ಹತ್ತಿರ ಗಟ್ಟಿಯಾದ ಕಂದು ಕಲೆ ಇದೆಯಾ? ಇದ್ದರೆ ಅದು ಕೊನೆ ಅಂಗಮಾರಿ. ಹಾಸನದ ಆಲೂಗಡ್ಡೆಯವರು ನಡುಗುವುದು ಇದಕ್ಕೇ, 1845ರಲ್ಲಿ ಐರ್ಲೆಂಡಿಗೆ ಕ್ಷಾಮ ತಂದಿದ್ದೂ ಇದೇ ರೋಗ.

ಹತ್ತು ಗಂಟೆಗೆ ಹೋದರೆ ಆ ಬಿಳಿ ಬೂಷ್ಟು ಒಣಗಿ ಹೋಗಿರುತ್ತದೆ, ಸುಟ್ಟ ಎಲೆ ಮಾತ್ರ ಕಾಣುತ್ತದೆ. ‘ಹಿಮ ಹೊಡೆದಿದೆ’ ಅಂತ ಜನ ಮೋಸ ಹೋಗುವುದು ಅಲ್ಲೇ. ಅನುಮಾನ ಇದ್ದರೆ ಇನ್ನೊಂದು ಸುಲಭದ ಪರೀಕ್ಷೆ ಇದೆ. ಅಂಚು ಕಪ್ಪಾದ ಎರಡು ಎಲೆ ಕಿತ್ತು, ಒದ್ದೆ ಮಾಡಿ ಹಿಂಡಿದ ಪೇಪರ್ ತುಂಡಿನ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ ಒಂದು ರಾತ್ರಿ ಮನೆಯಲ್ಲಿ ನೆರಳಲ್ಲಿಡಿ. ಬೆಳಗ್ಗೆ ಎಲೆಯ ಅಡಿ ಬಿಳಿ ಬೂಷ್ಟು ಬಂದಿದ್ದರೆ ರೋಗ. ಚಳಿಯಿಂದ ಸತ್ತ ಎಲೆಯಲ್ಲಿ ಒಂದೇ ರಾತ್ರಿಗೆ ಹಾಗೆ ಬರುವುದಿಲ್ಲ.

ಬೇರೆ ಎರಡು ಸಾಧ್ಯತೆ ಇವೆ. ಕೆಳಗಿನ ಹಳೇ ಎಲೆಗಳಲ್ಲಿ ಉಂಗುರದೊಳಗೆ ಉಂಗುರ ಇರುವ ಕಂದು ಚುಕ್ಕೆ ಇದ್ದರೆ ಅದು ಮೊದಲ ಅಂಗಮಾರಿ, ಅಷ್ಟು ಅವಸರ ಇಲ್ಲ. ಎಲೆಯ ಅಡಿ, ನರಗಳ ಉದ್ದಕ್ಕೂ ನೇರಳೆ ಬಣ್ಣ ಬಂದು ಗಿಡ ಬೆಳೆಯದೆ ನಿಂತಿದ್ದರೆ, ಅದು ಮಾತ್ರ ನಿಜವಾಗಿ ಚಳಿಯ ಕೆಲಸ. ತಣ್ಣನೆ ಮಣ್ಣಿನಲ್ಲಿ ಬೇರು ರಂಜಕ ಎಳೆದುಕೊಳ್ಳುವುದಿಲ್ಲ. ಮಣ್ಣಲ್ಲಿ ರಂಜಕ ಇದ್ದರೂ ಹೀಗಾಗುತ್ತದೆ, ಬಿಸಿಲು ಏರಿದ ಮೇಲೆ ತಾನೇ ಸರಿಹೋಗುತ್ತದೆ. ರಂಜಕ ಸಿಗಲಿ ಅಂತ ಡಿಎಪಿ ಗೊಬ್ಬರ ಸುರಿಯಬೇಡಿ.

ಈ ರೋಗಕ್ಕೆ ಬೇಕಾದ್ದು ಏನು ಅಂತ ಕೇಳಿದರೆ ಈ ವರ್ಷದ ಹವೆ ಅರ್ಥವಾಗುತ್ತದೆ. 10ರಿಂದ 20 ಡಿಗ್ರಿ ತಂಪು, ಗಾಳಿಯಲ್ಲಿ ನೂರಕ್ಕೆ 90 ದಾಟಿದ ತೇವ, ಮತ್ತು ಎಲೆಯ ಮೇಲೆ ಹತ್ತು ಹನ್ನೆರಡು ಗಂಟೆ ನಿಂತ ನೀರು. ಸಾಮಾನ್ಯ ಜನವರಿಯಲ್ಲಿ ಇಬ್ಬನಿ ನಡುರಾತ್ರಿ ಮೇಲೆ ಬಿದ್ದು ಎಂಟಕ್ಕೆಲ್ಲ ಆರುತ್ತದೆ. ಚಳಿ ಜಾಸ್ತಿ ಆದಷ್ಟೂ ರಾತ್ರಿ ಎಂಟು ಒಂಬತ್ತಕ್ಕೇ ಬಿದ್ದು ಬೆಳಗ್ಗೆ ಒಂಬತ್ತಕ್ಕೆ ಆರುತ್ತದೆ. ಅಲ್ಲಿಗೆ ಹನ್ನೆರಡು ಗಂಟೆ ಆಯಿತು. ಒಂದು ರಾತ್ರಿ ಹೀಗಾದರೆ ಏನೂ ಆಗದು. ಸಾಲಾಗಿ ನಾಲ್ಕು ರಾತ್ರಿ ಆದರೆ ರೋಗ ಗಿಡದಿಂದ ಗಿಡಕ್ಕೆ ದಾಟುತ್ತದೆ.

ಏನು ಮಾಡಬೇಕು? ರೋಗ ಇನ್ನೂ ಕಾಣದ ತಾಕಿಗೆ ಮ್ಯಾಂಕೊಜೆಬ್ ಲೀಟರಿಗೆ 2ರಿಂದ 2.5 ಗ್ರಾಂ, ಎಲೆಯ ಅಡಿಗೂ ತಾಗುವ ಹಾಗೆ. ಕಾಣಿಸಿಕೊಂಡ ತಾಕಿಗೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೊಜೆಬ್ ಬೆರೆತ ಪುಡಿ ಲೀಟರಿಗೆ 2 ಗ್ರಾಂ. ಅದನ್ನೇ ಮತ್ತೆ ಮತ್ತೆ ಹೊಡೆದರೆ ರೋಗಾಣು ಪಳಗುತ್ತದೆ, ಮುಂದಿನ ಸಲ ಬೇರೆ ಗುಂಪಿನದು ಕೇಳಿ. ಕಾಯಿ ಕೀಳುವ ತೋಟ ಆದರೆ ಪೊಟ್ಟಣದ ಮೇಲೆ ಬರೆದಿರುವ ಕಾಯುವ ದಿನ ಓದಿ. ಇಬ್ಬನಿ ಆರಿದ ಮೇಲೆ ಹೊಡೆಯಿರಿ, ಒದ್ದೆ ಎಲೆಗೆ ಹೊಡೆದ ಔಷಧಿ ಹನಿ ಜೊತೆ ನೆಲಕ್ಕೆ ಹೋಗುತ್ತದೆ. ಕೆಳಗಿನ ಎಲೆ ಸವರಿ ಗಾಳಿಯಾಡಲು ಬಿಡಿ. ಕಿತ್ತ ಎಲೆ ಬದುವಿಗೆ ಎಸೆಯದೆ ಹೂತುಬಿಡಿ. ನೀರು ಬೆಳಗ್ಗೆ, ಡ್ರಿಪ್‌ನಲ್ಲೇ. ಯೂರಿಯಾ ಸದ್ಯಕ್ಕೆ ಬೇಡ, ಎಳೆ ಚಿಗುರು ಬಂದಷ್ಟೂ ರೋಗಕ್ಕೆ ಹಬ್ಬ. ಆ ಟಾನಿಕ್? ಹೊಡೆದಿದ್ದರೆ ನಷ್ಟ ಇಲ್ಲ, ದುಡ್ಡು ಮಾತ್ರ ಹೋಯಿತು. ಚಳಿಗೆ ಅಂತ ಬಾಟಲಿಯಲ್ಲಿ ಔಷಧಿ ಇಲ್ಲ, ಯಾರು ಹೇಳಿದರೂ ನಂಬಬೇಡಿ.

ಹೂವು ಉದುರುತ್ತಿದ್ದರೆ ಅದಕ್ಕೆ ನಾವು ಮಾಡುವುದು ಏನೂ ಇಲ್ಲ. ರಾತ್ರಿ 13 ಡಿಗ್ರಿಗಿಂತ ಕೆಳಗೆ ಸತತವಾಗಿ ಇದ್ದರೆ ಟೊಮ್ಯಾಟೊ ಪರಾಗ ಕೆಲಸ ಮಾಡುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಈಗಿನ ಹೂವಿನ ಕಾಯಿ ಮಾರ್ಕೆಟ್ಟಿಗೆ ಬರಬೇಕಾದ ಹೊತ್ತಿಗೆ ನಿಮ್ಮ ಕಡೆಯ ಎಲ್ಲರ ಕೊಯ್ಲೂ ಕಡಿಮೆ ಇರುತ್ತದೆ, ಬೆಲೆ ಸ್ವಲ್ಪ ನೋಡಿ ಮಾರಿ.

ಹುಳು ಮನೆ. ಮೂರನೇ ಜ್ವರ ಎದ್ದ, ಅಂದರೆ ನಾಲ್ಕನೇ ಹಂತದ ಹುಳುವಿಗೆ 24-25 ಡಿಗ್ರಿ ಬೇಕು. 20ಕ್ಕಿಂತ ಕೆಳಗೆ ಹೋದರೆ ಹುಳುವಿನ ಮೈ ತಣ್ಣಗಾಗಿ ತಿನ್ನುವುದು ನಿಧಾನವಾಗುತ್ತದೆ, ಜ್ವರ ಹೋಗುವುದೂ ಏಳುವುದೂ ಒಂದೇ ಸಮ ಆಗುವುದಿಲ್ಲ. ಅರ್ಧ ಹುಳು ಎದ್ದಿರುತ್ತವೆ, ಅರ್ಧ ಮಲಗಿರುತ್ತವೆ. ಎದ್ದವು ಹಸಿದಿವೆ ಅಂತ ಅವಸರಕ್ಕೆ ಸೊಪ್ಪು ಹಾಕಿದರೆ ಹಾಸಿಗೆ ದಪ್ಪವಾಗಿ ತೇವ ಕಟ್ಟುತ್ತದೆ. ಹೆಚ್ಚುಕಡಿಮೆ ಎಲ್ಲ ಎದ್ದ ಮೇಲೆ ಮೊದಲ ಸೊಪ್ಪು ಕೊಡಿ. ಜ್ವರದಲ್ಲಿರುವಾಗ ಹಾಸಿಗೆ ಮೇಲೆ ಸುಣ್ಣದ ಪುಡಿ ತೆಳ್ಳಗೆ ಉದುರಿಸಿ. ಸೊಪ್ಪಿನ ವಿಷಯದಲ್ಲೂ ಇಬ್ಬನಿಯದೇ ಕತೆ. ಬೆಳಗ್ಗೆ ಬೇಗ ಕೊಯ್ದ ಒದ್ದೆ ಸೊಪ್ಪು ಈ ಚಳಿಯಲ್ಲಿ ಹುಳುವಿನ ಹಾಸಿಗೆ ಸೇರಿದರೆ ಸುಣ್ಣಕಟ್ಟು ರೋಗಕ್ಕೆ ದಾರಿ ಮಾಡಿದ ಹಾಗೆ. ಸತ್ತ ಹುಳು ಬಳಪದ ಹಾಗೆ ಬೆಳ್ಳಗೆ ಗಟ್ಟಿಯಾಗಿರುವುದು ಒಂದು ಕಂಡರೂ ತೆಗೆದು ಸುಟ್ಟುಬಿಡಿ. ಇಬ್ಬನಿ ಆರಿದ ಮೇಲೆ ಕೊಯ್ಯಿರಿ, ಒಂದು ಊಟ ತಡವಾದರೂ ಪರವಾಗಿಲ್ಲ.

ಹುಳು ಮನೆ ಬೆಚ್ಚಗೆ ಮಾಡಲು ತುಂಬಾ ಜನ ಇದ್ದಿಲು ಒಲೆ ಇಡುತ್ತಾರೆ. ಕರೆಂಟ್ ಹೀಟರ್ ಇದ್ದರೆ ಅದೇ ಒಳ್ಳೆಯದು, ಮೂಲೆಯಲ್ಲಿ ಒಂದು ಪಾತ್ರೆ ನೀರಿಡಿ. ಇದ್ದಿಲೇ ಗತಿ ಅಂದರೆ ಹೊರಗೆ ಪೂರ್ತಿ ಕೆಂಡ ಮಾಡಿ, ಹೊಗೆ ನಿಂತ ಮೇಲೆ ಒಳಗೆ ತನ್ನಿ, ಮೇಲಿನ ಕಿಟಕಿ ತೆರೆದೇ ಇರಲಿ. ಆ ಕೋಣೆಯಲ್ಲಿ ಯಾರೂ ಮಲಗಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಹೊಗೆ ಇಲ್ಲದ ಕೆಂಡ ಕೂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ತಲೆ ನೋವು, ತಲೆ ಸುತ್ತು, ವಾಕರಿಕೆ ಬರುತ್ತದೆ, ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗುವುದಿಲ್ಲ. ಚಳಿಗೆ ನಮ್ಮ ಕಡೆ ಜೀವ ಹೋಗುವ ಭಯ ಇರುವುದು ಥರ್ಮಾಮೀಟರಿನಿಂದಲ್ಲ, ಮುಚ್ಚಿದ ಕೋಣೆಯಿಂದ. ಬಚ್ಚಲು ಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟವರಿಗೂ ಇದೇ ಮಾತು. ಚಳಿ ಅಂತ ಗವಾಕ್ಷಿಗೆ ಬಟ್ಟೆ ತುರುಕಿ, ನೀರು ತಣ್ಣಗಿದೆ ಅಂತ ಜಾಸ್ತಿ ಹೊತ್ತು ಗೀಸರ್ ಉರಿಸಿ, ಬಾಗಿಲು ಹಾಕಿ ಸ್ನಾನಕ್ಕೆ ಕೂತರೆ ಅಪಾಯವನ್ನು ನಾವೇ ಕರೆದ ಹಾಗೆ. ಗೀಸರ್ ಹೊರಗೆ ಇರಲಿ, ಪೈಪಿನಲ್ಲಿ ನೀರು ಒಳಗೆ ಬರಲಿ. ಮಾತಿಗೆ ಬಂತು ಅಂತ ಇನ್ನೊಂದು: ಮನೆಯಲ್ಲಿ ಬಿಪಿ, ಹೃದಯದ ತೊಂದರೆ ಇರುವ ಹಿರಿಯರು ಇದ್ದರೆ ಬೆಳಗಿನ ಜಾವದ ವಾಕಿಂಗ್ ಬಿಟ್ಟು ಎಂಟರ ಮೇಲೆ ಹೋಗಲಿ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ.

ಹಸುವಿನ ಬಗ್ಗೆ ನೀವು ಕೇಳಿಲ್ಲ, ಆದರೆ ಎಲ್ಲರೂ ಕೇಳುತ್ತಾರೆ. ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಮಿಶ್ರ ತಳಿಗೆ 11 ಡಿಗ್ರಿ ಏನೂ ಅಲ್ಲ, ಅದು ತಂಪು ದೇಶದ ದನ. ಹಾಲು ಕಡಿಮೆ ಆಗಿದ್ದರೆ ತೊಟ್ಟಿಯ ತಣ್ಣೀರು ಸರಿಯಾಗಿ ಕುಡಿಯದೇ ಇರಬಹುದು. ಬೋರ್‌ವೆಲ್ ನೀರು ಆಗಷ್ಟೇ ಎತ್ತಿ ಕೊಡಿ. ಭೂಮಿಯೊಳಗೆ ವರ್ಷವಿಡೀ ಒಂದೇ ಉಷ್ಣಾಂಶ, ನಮ್ಮಲ್ಲಿ 25ರ ಆಸುಪಾಸು, ಅದಕ್ಕೇ ಬೆಳಗ್ಗೆ ಆ ನೀರಿನಿಂದ ಹಬೆ ಏಳುವುದು. ಹುಟ್ಟಿ ಮೂರು ವಾರ ಆಗದ ಕರು, ಬಂಡೂರು ಕುರಿಯ ಮರಿ, ಇವಕ್ಕೆ ಮಾತ್ರ ಒಣ ಹುಲ್ಲು ಹಾಸಿ ಗೋಣಿ ಹೊದಿಸಿ.

ಈ ಚಳಿಯಿಂದ ಲಾಭವೂ ಇದೆ ಅನ್ನುವುದನ್ನು ಮರೆಯಬಾರದು. ಬಲಿತ ಕಬ್ಬಿಗೆ ಹಗಲು ಬಿಸಿಲು, ರಾತ್ರಿ 12-14 ಡಿಗ್ರಿ ಸಿಕ್ಕರೆ ಬೆಳವಣಿಗೆ ನಿಂತು ಸಕ್ಕರೆ ಕೂಡುತ್ತದೆ, ರಿಕವರಿ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಏರುತ್ತದೆ. ಮಾವು ಹೂ ಬಿಡಲು ಇಂಥ ತಂಪು ರಾತ್ರಿಗಳೇ ಬೇಕು. ಅವರೆಕಾಯಿ ಸೊಗಡಿಗೆ ಇಬ್ಬನಿ ಬೇಕು ಅಂತ ಹಿರಿಯರು ಹೇಳುವುದು ನಿಮಗೇ ಗೊತ್ತು.

ಒಟ್ಲಿನ ಪ್ರಶ್ನೆಗೆ ನನ್ನ ಉತ್ತರ: ಬಿಡಿ, ಆದರೆ ಸ್ವಲ್ಪ ಜಾಗ್ರತೆಯಿಂದ. ತೀರಾ ತಡ ಮಾಡುವುದೂ ಸರಿಯಲ್ಲ. ಹದಿನೈದು ದಿನಕ್ಕಿಂತ ಮುಂದೆ ಹಾಕಿದರೆ ಭತ್ತ ಹೂವಾಗುವುದು ಏಪ್ರಿಲ್ ಕೊನೆಯ ಉರಿಗೆ ಸಿಕ್ಕುತ್ತದೆ. 35 ಡಿಗ್ರಿ ದಾಟಿದ ಬಿಸಿಲಲ್ಲಿ ಹೂವಾದರೆ ಜೊಳ್ಳು. ಅಂದರೆ ಈ ಕಡೆ ಚಳಿ, ಆ ಕಡೆ ಬಿಸಿಲು, ನಡುವೆ ದಾರಿ ಕಿರಿದು. ಬೀಜ ನೆನೆಸಿದ ಮೇಲೆ ಗೋಣಿಯಲ್ಲಿ ಕಟ್ಟಿ ಬೆಚ್ಚಗಿನ ಕೋಣೆಯಲ್ಲಿಡಿ, ಮಾಮೂಲಿಗಿಂತ ಒಂದು ದಿನ ಜಾಸ್ತಿ ಬೇಕಾಗಬಹುದು. ಮೊಳಕೆ ಸರಿಯಾಗಿ ಒಡೆದ ಮೇಲೆ ಚೆಲ್ಲಿ. ಇಲ್ಲಿ ಮಾತ್ರ ಆ ಹಿಂದಿ ವಿಡಿಯೊದ ಸಲಹೆ ನಡೆಯುತ್ತದೆ. ಪೈರು ಮೇಲೆದ್ದ ಮೇಲೆ ಸಂಜೆ ಒಟ್ಲಿಗೆ ಬೋರ್‌ವೆಲ್ ನೀರು ನಿಲ್ಲಿಸಿ, ಬೆಳಗ್ಗೆ ಬಸಿದುಬಿಡಿ. ನೀರು ರಾತ್ರಿ ಪೈರಿನ ಬುಡ ಬೆಚ್ಚಗಿಡುತ್ತದೆ, ಬಸಿದರೆ ಹಗಲು ಮಣ್ಣು ಕಾಯುತ್ತದೆ. ಸಣ್ಣ ಒಟ್ಲಾದರೆ ರಾತ್ರಿ ಪ್ಲಾಸ್ಟಿಕ್ ಹೊದಿಸಿ, ಬಿಸಿಲೇರುವ ಮುಂಚೆ ತೆಗೆಯಿರಿ. ಪೈರು ಹಳದಿಯಾದರೆ ಗಾಬರಿಯಾಗಿ ಯೂರಿಯಾ ಹಾಕಬೇಡಿ, ನಾಟಿಗೆ ನಾಲ್ಕೈದು ದಿನ ತಡವಾಗುತ್ತದೆ ಅಷ್ಟೇ. ಇಷ್ಟೆಲ್ಲ ಮಾಡುವ ಮೊದಲು ನೀರಾವರಿ ಸಲಹಾ ಸಮಿತಿ ಕೆಆರ್‌ಎಸ್‌ನಿಂದ ಬೇಸಿಗೆ ಬೆಳೆಗೆ ನೀರು ಬಿಡುತ್ತದಾ, ಯಾವಾಗ ಅಂತ ಖಚಿತ ಮಾಡಿಕೊಳ್ಳಿ. ನಾಲೆ ನೀರಿಲ್ಲದೆ ಒಟ್ಲು ಬಿಟ್ಟು ಪ್ರಯೋಜನ ಇಲ್ಲ.

ಕೊನೆಗೆ, ಇನ್ನೆಷ್ಟು ದಿನ? ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನುವ ಮಾತು ಹೆಚ್ಚುಕಡಿಮೆ ನಿಜ, ಫೆಬ್ರವರಿಯಲ್ಲಿ ರಾತ್ರಿ ಉಷ್ಣಾಂಶ ಏರಲು ಶುರುವಾಗುತ್ತದೆ. ಅದಕ್ಕೂ ಮುಂಚೆ ಈ ಪಟ್ಟು ಸಡಿಲ ಆಗಬೇಕಾದರೆ ಗಾಳಿ ದಿಕ್ಕು ಬದಲಾಗಬೇಕು. ಈಗ ಉತ್ತರದಿಂದ ಒಣ ಗಾಳಿ ಬರುತ್ತಿದೆ, ಆಕಾಶ ಬರಿದಾಗಿದೆ, ನೆಲದ ಶಾಖ ತಡೆಯಿಲ್ಲದೆ ಮೇಲೆ ಹೋಗುತ್ತಿದೆ. ಬಂಗಾಳ ಕೊಲ್ಲಿ ಕಡೆಯಿಂದ ಪೂರ್ವದ ಗಾಳಿ ಶುರುವಾಗಿ ಮೋಡ ಬಂದರೆ ರಾತ್ರಿ ಒಂದೇ ಸಲ ನಾಲ್ಕೈದು ಡಿಗ್ರಿ ಬೆಚ್ಚಗಾಗುತ್ತದೆ. ಆದರೆ ಆಗ ಹಗಲು ಚಳಿ ಶುರು. 2022ರ ಡಿಸೆಂಬರ್‌ನಲ್ಲಿ ಮಾಂಡೋಸ್ ಚಂಡಮಾರುತ ಮಾಮಲ್ಲಪುರಂ ಹತ್ತಿರ ದಡ ಮುಟ್ಟಿದಾಗ ನಮ್ಮ ಕಡೆ ಮಧ್ಯಾಹ್ನವೂ ಸ್ವೆಟರ್ ಬಿಚ್ಚದ ಹಾಗೆ ಆಗಿತ್ತಲ್ವಾ, ಆ ಥರದ್ದು. ರಾತ್ರಿ ಬೆಚ್ಚಗಾಯಿತು ಅಂತ ಆಗ ಟೊಮ್ಯಾಟೊ ಬಿಟ್ಟು ಕೂರಬೇಡಿ. ಮೋಡದ ದಿನ ಎಲೆ ಮಧ್ಯಾಹ್ನವಾದರೂ ಆರುವುದಿಲ್ಲ, ಜಿನುಗು ಬಿದ್ದರೆ ಇನ್ನೂ ಕಷ್ಟ. ಅಂಗಮಾರಿ ತೋಟ ತುಂಬಾ ಹರಡುವುದು ಆ ಎರಡು ಮೂರು ದಿನಗಳಲ್ಲೇ. ಪೂರ್ವದಲ್ಲಿ ಮೋಡ ಕಟ್ಟುವ ಮುನ್ಸೂಚನೆ ಕೇಳಿದ ದಿನವೇ, ಇನ್ನೂ ಬಿಸಿಲಿರುವಾಗ, ಒಂದು ಸಿಂಪಡಣೆ ಮುಗಿಸಿಬಿಡಿ.